ಉಪ್ಪು ಸಿಪ್ಪೆಯ ಮೇಲಿತ್ತು

ಮಾತು ಮುಗಿಯುವ ಮುಂಚೆ ಎದುರು ಪಾಳಯದವರ ಉಪ್ಪು ಮುಟ್ಟಬಾರದು. ಮಡಕಶಿರದ ಸೀಮೆಯಲ್ಲಿ ಹೆಣ್ಣು ಕೇಳಲು ಹೋದರೂ ಇದೇ ಕಟ್ಟು, ಹೊಲದ ಬದುವಿನ ಜಗಳ ಬಿಡಿಸಲು ಹೋದರೂ ಇದೇ ಕಟ್ಟು. ಉಪ್ಪು ನಾಲಿಗೆಗೆ ಮುಟ್ಟಿದರೆ ಒಪ್ಪಿದ ಹಾಗೆ. ಆಮೇಲೆ ತಕರಾರು ತೆಗೆದವರನ್ನು ನಾಯಿಯೂ ಮೂಸುವುದಿಲ್ಲ. ಈ ಕಟ್ಟನ್ನು ಗುಡಿಬಂಡೆ ಕಡೆಯ ಕದಿರಮ್ಮ ಬೆಂಗಳೂರಿನ ಗಾಜಿನ ಕಟ್ಟಡದ ತುತ್ತತುದಿಯ ಜಪಾನಿ ಹೋಟೆಲಿಗೂ ಹೊತ್ತು ತಂದಿದ್ದಳು. ಜೊತೆಗೆ ಕೈಚೀಲದಲ್ಲಿ ಉಪ್ಪು ಖಾರ ಹಚ್ಚಿ ಹುರಿದ ಕಡಲೇಬೀಜದ ಪೊಟ್ಟಣ.

ಅವಳನ್ನೂ ಅವಳ ಜೊತೆ ಹೊಲಿಯುವ ನಾಗವೇಣಿಯನ್ನೂ ಮಡಕಶಿರದಿಂದ ಗಾರ್ಮೆಂಟ್ಸ್ ಕಾರ್ಖಾನೆಯ ಕಾರೇ ಹತ್ತಿಸಿಕೊಂಡು ಬಂದಿತ್ತು. ಸಂಡಾಸಿಗೆ ಹೋಗಲೂ ಟೋಕನ್ ಕೇಳುವ ಕಂಪನಿ ಊಟಕ್ಕೆ ಎಸಿ ಕಾರು ಕಳಿಸಿತೆಂದರೆ, ಬಲಿಗೆ ಮುಂಚೆ ಕುರಿಗೆ ಅರಿಶಿನ ಹಚ್ಚಿದ ಹಾಗೆಯೇ ಅಲ್ಲವೇ? ವಿಷಯ ಇಷ್ಟು. ಬಟ್ಟೆ ಕೊಳ್ಳುವ ಜಪಾನಿನವರು ಕಾರ್ಖಾನೆ ನೋಡಲು ಬಂದಾಗ ಹೇಮಶ್ರೀ ಎಂಬ ಹುಡುಗಿ ಕುಡಿಯುವ ನೀರಿನ ನಲ್ಲಿ ತಿರುಗಿಸಿ ತೋರಿಸಿದ್ದಳು. ನಲ್ಲಿಯಲ್ಲಿ ಬಂದದ್ದು ಗಾಳಿ. ಮರುದಿನ ಹೇಮಶ್ರೀಗೆ ಗೇಟು ಬಂದ್. ಹೆಂಗಸರೆಲ್ಲ ಮಿಷನ್ ನಿಲ್ಲಿಸಿ ಕೂತರು. ಅವರ ಪರವಾಗಿ ಮಾತಾಡಲು ಹೊರಟವರು ಇವರಿಬ್ಬರು. ಈಗ ಜಪಾನಿನವರು, ನಿಮ್ಮ ಕೆಲಸಗಾರರೂ ನೀವೂ ಒಟ್ಟಿಗೆ ಕೂತು ಉಣ್ಣುವ ಒಂದು ಫೋಟೋ ಕಳಿಸಿ, ಆಮೇಲೆ ಆರ್ಡರಿನ ಮಾತು ಎಂದಿದ್ದರು.

ಫೋಟೋ ತೆಗೆಯುವ ಹೊಣೆ ಹೊತ್ತ ಮ್ಯಾನೇಜರ್ ಗೋವರ್ಧನ್ ಹುಟ್ಟಿದ್ದು ಗುಡಿಬಂಡೆಯ ಪಕ್ಕದಲ್ಲೇ. ಉಪ್ಪಿನ ಕಟ್ಟು ಅವನಿಗೂ ಗೊತ್ತು. ಅದಕ್ಕೇ ಮಾತಿಗೆ ಆಫೀಸು ಬಿಟ್ಟು ಊಟದ ಜಾಗ ಆರಿಸಿದ್ದ.

ಉದ್ದನೆಯ ಮರದ ಕಟ್ಟೆಯ ಮುಂದೆ ಮೂವರೂ ಎತ್ತರದ ಸ್ಟೂಲು ಹತ್ತಿದರು. ಕಟ್ಟೆಯ ಆಚೆ ಕಪ್ಪಂಗಿ ತೊಟ್ಟ ಬಾಣಸಿಗ ನಿಂತಿದ್ದ.

"ಮೆನು ಇರಲ್ವಾ ಸಾರ್?" ಎಂದಳು ಕದಿರಮ್ಮ.

"ಇಲ್ಲಿ ಅವರು ಕೊಟ್ಟಿದ್ದು ನಾವು ತಿನ್ನಬೇಕು. ಕೇಳೋ ಹಾಗಿಲ್ಲ."

"ನಮ್ ಫ್ಯಾಕ್ಟ್ರಿ ಕ್ಯಾಂಟೀನ್ ಇದ್ದಂಗೆ ಅನ್ನಿ."

ನಾಗವೇಣಿ ಕಿಸಕ್ಕೆಂದಳು. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುತ್ತಿದ್ದವಳು, ಮದುವೆಯಾಗಿ ಮಡಕಶಿರಕ್ಕೆ ಬಂದವಳು. ನಗು ಬಂದರೆ ತಡೆಯುವ ಅಭ್ಯಾಸವಿರಲಿಲ್ಲ.

ಮೊದಲು ಬಂದದ್ದು ಬೇಯಿಸಿದ ಹಸಿರು ಕಾಯಿ, ಅವರೆಕಾಯಿಯ ಚಿಕ್ಕತಂಗಿಯಂಥವು. ಮೇಲೆ ದಪ್ಪ ಉಪ್ಪಿನ ಹರಳು. ಬಾಣಸಿಗ ಅತ್ತ ತಿರುಗಿ ಇತ್ತ ತಿರುಗುವುದರೊಳಗೆ ನಾಗವೇಣಿಯ ಕೈ ಶುರುವಾಗಿತ್ತು. ಬಿತ್ತನೆಗೆ ಕಡಲೆಕಾಯಿ ಸುಲಿದ ಕೈ, ಕಾಯಿ ಕಂಡರೆ ಸುಮ್ಮನಿರುತ್ತದೆಯೇ? ಒಂದನ್ನೂ ಬಾಯಿಗಿಡದೆ ತನ್ನ ಬಟ್ಟಲು ಸುಲಿದು ಮುಗಿಸಿ ಕದಿರಮ್ಮನದನ್ನೂ ಎಳೆದುಕೊಂಡಳು. ಒಂದು ಕಡೆ ಕಾಳಿನ ಗುಡ್ಡೆ, ಇನ್ನೊಂದು ಕಡೆ ಸಿಪ್ಪೆಯ ಗುಡ್ಡೆ.

ಬಾಣಸಿಗ ಕಂಗಾಲಾದ. "ಅಯ್ಯೋ ಮೇಡಂ, ಇದನ್ನ ಸಿಪ್ಪೆ ಸಮೇತ ಬಾಯಿಗಿಟ್ಟು ಚೀಪಬೇಕು. ಉಪ್ಪು, ರುಚಿ ಎಲ್ಲ ಸಿಪ್ಪೆ ಮೇಲೇ ಇರೋದು."

"ಹೌದೇನ್ರಿ? ಮೊದ್ಲ ಹೇಳಬಾರದೇನ್ರಿ?"

ಗೋವರ್ಧನ್ ತನ್ನ ಬಟ್ಟಲನ್ನು ಚೀಪಿ ಬರಿದು ಮಾಡಿದ. ಮುಂದಿನದು ಬರಲಿಲ್ಲ.

"ಮೂವರದೂ ಮುಗೀಲಿ ಸಾರ್," ಎಂದ ಬಾಣಸಿಗ. "ಒಟ್ಟಿಗೇ ಕೊಡೋದು ನಮ್ಮ ಪದ್ಧತಿ."

"ತಿನ್ನಿ ಕದಿರಮ್ಮನೋರೆ," ಗೋವರ್ಧನ್ ಫೋನು ಎತ್ತಿ ಹಿಡಿದ. "ಒಂದು ಫೋಟೋ."

"ಹೇಮಶ್ರೀ ಸೋಮವಾರ ಮಿಷನ್ ಮೇಲೆ ಕೂತ್ಕಂತಾಳಾ?"

"ಅದನ್ನ ನೋಡೋಣ."

"ನೋಡಿ. ನಾವೂ ಊಟಾನ ನೋಡ್ತಾ ಇರ್ತೀವಿ."

ಬೆಳಗಿನಿಂದ ಗೋವರ್ಧನ್ ಈ ಊಟಕ್ಕೆಂದೇ ಹೊಟ್ಟೆ ಖಾಲಿ ಇಟ್ಟುಕೊಂಡಿದ್ದ. ಚೀಪಿದ ಕಾಯಿ ಹಸಿವನ್ನು ಕೆಣಕಿತ್ತು. ಬಾಣಸಿಗ ಕೈಕಟ್ಟಿ ನಿಂತ. ಕದಿರಮ್ಮ ನಿಧಾನವಾಗಿ ಪೊಟ್ಟಣ ಬಿಚ್ಚಿ ನಾಲ್ಕು ಬೀಜ ಬಾಯಿಗೆಸೆದುಕೊಂಡಳು. ಹುರಿದ ಬೀಜದ ವಾಸನೆ, ಖಾರದ ಘಾಟು ಆ ತಣ್ಣನೆಯ ಕೋಣೆಯಲ್ಲಿ ಬಿಸಿಲಿನಂತೆ ಹರಡಿತು.

"ನಮ್ ಹೊಲದ್ದು. ತಗಳಪ್ಪ," ಎಂದು ಪೊಟ್ಟಣ ಗೋವರ್ಧನನತ್ತ ಸರಿಸಿದಳು. ಅವನ ಕೈ ಒಮ್ಮೆ ಹೋಯಿತು. ಮತ್ತೆ ಹೋಯಿತು. ಮೂರನೆಯ ಸಲ ಪೊಟ್ಟಣವೇ ಅವನ ಬಳಿ ಉಳಿಯಿತು.

ಅಷ್ಟರಲ್ಲಿ ಎಡವಟ್ಟಾಯಿತು. ನಾಗವೇಣಿ ಮಾತಾಡುತ್ತ ಮಾತಾಡುತ್ತ ಸುಲಿದ ಕಾಳಿನಿಂದ ಒಂದನ್ನು ಬಾಯಿಗೆ ಹಾಕಿಕೊಂಡಳು.

ಗೋವರ್ಧನ್ ಸ್ಟೂಲಿನಿಂದ ಜಿಗಿದ. ಬೆಂಗಳೂರಿನ ಕನ್ನಡ ಜಾರಿಹೋಗಿ ಊರಿನದು ಬಾಯಿಗೆ ಬಂತು. "ತಿಂದ್ಲು! ತಿಂದ್ಲು ಕಣಕ್ಕ! ನಾನೂ ಆ ಕಡೇನೇ ಹುಟ್ದೋನು. ನಮ್ ಉಪ್ಪು ಮುಟ್ಟುದ್ ಮೇಲೆ ಮಾತು ಮುಗೀತು. ಹೇಮಶ್ರೀ ವಿಷ್ಯ ಇನ್ನು ಎತ್ತಂಗಿಲ್ಲ."

ನಾಗವೇಣಿಯ ಮುಖ ಬಿಳಿಚಿತು. "ಅಕ್ಕಾ, ಯಾಕ ಹಾಕ್ಕೊಂಡ್ನೋ ನನಗ ಗೊತ್ತಿಲ್ಲಕ್ಕಾ..."

ಕದಿರಮ್ಮ ಅವಳ ತೊಡೆ ತಟ್ಟಿ ಬಾಣಸಿಗನ ಕಡೆ ತಿರುಗಿದಳು. "ಯಪ್ಪಾ, ಉಪ್ಪು ಎಲ್ಲೈತೆ ಅಂದೆ ನೀನು?"

"ಸಿಪ್ಪೆ ಮೇಲೆ."

"ಇವ್ಳು ತಿಂದಿದ್ದು?"

"ಒಳಗಿನ ಕಾಳು. ಅದು ಸಪ್ಪೆ ಇರುತ್ತೆ."

"ಕೇಳುಸ್ಕಂಡ್ಯಾ ಗೋವರ್ಧನಪ್ಪ? ಉಪ್ಪೆಲ್ಲ ಅಗೋ, ಸಿಪ್ಪೆ ಗುಡ್ಡೇಲಿ ಕೂತೈತೆ. ಇವ್ಳು ಬಾಯಿಗೆ ಬರೀ ಕಾಳು ಹೋಗೈತೆ. ಅದಿರ್ಲಿ, ನೀನು ಇಷ್ಟೊತ್ತು ಮೇದ್ಯಲ್ಲ ಕಡ್ಲೇಬೀಜ, ಅದ್ಕೆ ಉಪ್ಪು ಹಾಕ್ದೋರು ಯಾರು?"

ಗೋವರ್ಧನನ ದವಡೆ ಅರ್ಧಕ್ಕೇ ನಿಂತಿತು. ತುಟಿಯ ಮೇಲೆ ಖಾರದ ಪುಡಿ ಕೆಂಪಗೆ ಸಾಕ್ಷಿ ಹೇಳುತ್ತಿತ್ತು. ಬಾಣಸಿಗ ನಗು ಅಡಗಿಸಲು ಬಗ್ಗಿ ಚಾಕು ಒರೆಸತೊಡಗಿದ.

"ನಮ್ ಉಪ್ಪು ನಿನ್ ಹೊಟ್ಟೇಲೈತೆ. ಒಪ್ಪುದಂಗೇ. ಇಲ್ಲ ಅಂತಿಯಾ, ಇಲ್ಲೇ ಎದ್ದು ಹೋಗ್ತೀವಿ. ಖಾಲಿ ಸ್ಟೂಲಿನ ಫೋಟೋ ಕಳ್ಸು ಜಪಾನಿಗೆ. ನಾವು ನಿಲ್ಸಿದ ಮಿಷನ್ನೂ ಅಂಗೇ ಖಾಲಿ ನಿಂತೈತೆ."

ಗೋವರ್ಧನ್ ಬಾಗಿಲ ಬಳಿ ಹೋಗಿ ಧಣಿಗಳಿಗೆ ಫೋನು ಮಾಡಿದ. ಬೈಗುಳ ಇವರಿಗೂ ಕೇಳಿಸಿತು. ಆಮೇಲೆ ಗುಣುಗುಣು. ತಿರುಗಿ ಬಂದವನು ಹೇಮಶ್ರೀಗೆ ಫೋನು ಹಚ್ಚಿ ಕಟ್ಟೆಯ ಮೇಲಿಟ್ಟು, ಎಲ್ಲರೂ ಕೇಳುವಂತೆ ಹೇಳಿದ: "ಸೋಮವಾರ ಕೆಲಸಕ್ಕೆ ಬಾಮ್ಮ. ನಿನ್ ಮಿಷನ್ ನಿಂದೇ."

ಆ ಕಡೆಯಿಂದ ಹೇಮಶ್ರೀ ಕೇಳಿದಳು: "ನಲ್ಲೀಲಿ ನೀರು ಬರ್ತದಾ ಸಾರ್?"

"ಅಮ್ಮಣ್ಣೀ," ಕದಿರಮ್ಮ ಫೋನಿನ ಕಡೆ ಬಾಗಿದಳು, "ಅದಕ್ಕೆ ಇನ್ನೊಂದು ಊಟ ಹಾಕುಸ್ತಾರೆ ಬಿಡು."

ಮಾತು ಮುಗಿದಿತ್ತು. ಮುಗಿದ ಮೇಲೆ ಉಣ್ಣದಿದ್ದರೆ ಒಪ್ಪಂದ ಮುರಿದಂತೆ, ಅದೂ ಕಟ್ಟೇ. ಕದಿರಮ್ಮ ಒಂದು ಹಿಡಿ ಕಾಳು ತಿಂದಳು, ಉಳಿದದ್ದನ್ನೆಲ್ಲ ನಾಗವೇಣಿ ಮುಕ್ಕಿದಳು. ಬಾಣಸಿಗ ಹುರುಪಿನಿಂದ ಮುಂದಿನದನ್ನು ಇಟ್ಟ: ಬೆರಳುದ್ದದ ಅನ್ನದ ಉಂಡೆ, ಮೇಲೆ ಹೊದಿಸಿದ ಕೆಂಪು ಮೀನಿನ ಚೂರು.

"ಬೇಯ್ಸಿಲ್ವಾ?" ಕದಿರಮ್ಮ ಪಿಸುಗುಟ್ಟಿದಳು.

"ಇಲ್ಲ ಮೇಡಂ. ಹಸೀದೇ."

ಗೋವರ್ಧನನ ಮುಖದಲ್ಲಿ ಆ ದಿನದ ಮೊದಲ ನಿಜವಾದ ನಗು ಅರಳಿತು. "ತಿನ್ನಕ್ಕ. ಕಟ್ಟು ಅಂದ್ರೆ ಕಟ್ಟು."

ಕದಿರಮ್ಮ ಒಮ್ಮೆ ನಾಗವೇಣಿಯನ್ನು ನೋಡಿದಳು. ಒಮ್ಮೆ ಫೋನನ್ನು ನೋಡಿದಳು. ಕಣ್ಣು ಮುಚ್ಚಿ ಉಂಡೆಯನ್ನು ಇಡಿಯಾಗಿ ಬಾಯಿಗೆ ತುಂಬಿದಳು. ಗೋವರ್ಧನ್ ತಾನೂ ಸೇರುವಂತೆ ಫೋನು ಹಿಡಿದು ಫೋಟೋ ತೆಗೆದ.

"ಹ್ಯಾಂಗೈತಿ ಅಕ್ಕಾ?" ನಾಗವೇಣಿ ಕೇಳಿದಳು.

ಕದಿರಮ್ಮ ಬಹಳ ಹೊತ್ತು ಅಗಿದಳು, ನುಂಗಿದಳು.

"ಹೇಮಶ್ರೀಗೋಸ್ಕರ ತಿನ್ಬೋದು," ಎಂದು ಕಡಲೇಬೀಜದ ಪೊಟ್ಟಣ ತನ್ನತ್ತ ಎಳೆದುಕೊಂಡಳು.