ದೀಪದ ಬೆಳಕು ಬಿದ್ದ ಆರು ಸಾಲು

ಮನೆಯ ಹಿಂದಿನ ತುಂಡು ಜಾಗದಲ್ಲಿ ಸೇವಂತಿಗೆ ಬೆಳೆದು ಮಾರುವವಳನ್ನು ಬೀದಿಯವರೆಲ್ಲ ಹೂವಕ್ಕ ಎನ್ನುತ್ತಿದ್ದರು. ಆ ಸಲ ಅವಳ ತಲೆ ಕೆಟ್ಟುಹೋಗಿತ್ತು. ಒಟ್ಟು ಹತ್ತು ಸಾಲು ಗಿಡ. ಒಂದೇ ದಿನ ನೆಟ್ಟದ್ದು, ಒಂದೇ ಗೊಬ್ಬರ, ಒಂದೇ ನಲ್ಲಿಯ ನೀರು. ಬೇಲಿಯ ಕಡೆಯ ನಾಲ್ಕು ಸಾಲುಗಳಲ್ಲಿ ಮೊಗ್ಗು ಕಿಕ್ಕಿರಿದಿತ್ತು. ಮನೆಯ ಕಡೆಯ ಆರು ಸಾಲುಗಳಲ್ಲಿ ಬರೀ ಎಲೆ. ಗಿಡವೇನೋ ಸೊಂಪಾಗಿತ್ತು. ಹುಡುಕಿದರೂ ಒಂದು ಮೊಗ್ಗಿಲ್ಲ.

ನೀರು ಸಾಲದೇನೋ ಎಂದು ಹೆಚ್ಚು ಹಾಕಿದಳು. ನೀರೇ ಹೆಚ್ಚಾಯಿತೇನೋ ಎಂದು ನಿಲ್ಲಿಸಿದಳು. ಗೊಬ್ಬರ ಕೊಟ್ಟಳು. ಗಿಡ ಇನ್ನೊಂದು ಗೇಣು ಎತ್ತರವಾಯಿತು, ಅಷ್ಟೆ.

"ಸಸಿಯಲ್ಲೇ ಮೋಸ, ಅತ್ತಿಗೆ," ಎಂದ ಮೈದುನ. ಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ ಅವನದು ವೆಲ್ಡಿಂಗ್ ಕೆಲಸ. "ಕಳಪೆ ಸಸಿ ಬೆರೆಸಿ ಕೊಟ್ಟಿದ್ದಾರೆ. ಸುಮ್ನೆ ಬಿಡಬೇಡಿ."

ಹೂವಕ್ಕ ಸುಮ್ಮನೆ ಬಿಡಲಿಲ್ಲ. ಎಲ್ಲರೂ ಚಿಕ್ಕಮ್ಮ ಎಂದು ಕರೆಯುವ ಸಸಿ ಮಾರುವವರ ಮೇಲೆ ಮಾರುಕಟ್ಟೆಯಲ್ಲಿ, ಹತ್ತು ಜನರೆದುರು ಕೂಗಾಡಿದಳು. ಹನ್ನೆರಡು ವರ್ಷದಿಂದ ಅವರ ಹತ್ತಿರವೇ ಸಸಿ ತರುತ್ತಿದ್ದವಳು! ಚಿಕ್ಕಮ್ಮನ ಮುಖ ಸಣ್ಣದಾಯಿತು. ಮರುದಿನ ಸಂಜೆ ಅವರೇ ಮನೆಗೆ ಬಂದರು.

"ಜಗಳಕ್ಕೆ ಬಂದಿಲ್ಲ ಕಣೇ. ಗಿಡ ತೋರಿಸು."

ಎಲೆ ಮಗುಚಿ ನೋಡಿದರು. ಹುಳು ಇಲ್ಲ. ಒಂದು ಗಿಡ ಕಿತ್ತು ನೋಡಿದರು. ಬೇರು ಬೆಳ್ಳಗೆ, ಆರೋಗ್ಯವಾಗಿತ್ತು.

"ನನಗೂ ತಿಳೀತಿಲ್ಲ," ಎಂದು ಕೈಯ ಮಣ್ಣು ಕೊಡವಿಕೊಂಡರು.

ಅಷ್ಟರಲ್ಲಿ ಕತ್ತಲಾಗುತ್ತಾ ಬಂತು. ಮೈದುನ ಶೆಡ್ಡಿನ ಗೋಡೆಯ ದೊಡ್ಡ ದೀಪ ಹಾಕಿದ. ಹಿತ್ತಲು ಬೆಳ್ಳಗಾಯಿತು. ಚಿಕ್ಕಮ್ಮ ಕೂತಲ್ಲಿಂದ ಎದ್ದರು. ಬೆಳಕು ಸರಿಯಾಗಿ ಆರನೆಯ ಸಾಲಿನವರೆಗೆ ಬಿದ್ದಿತ್ತು. ಆಚೆಯ ನಾಲ್ಕು ಸಾಲಿನ ಮೇಲೆ ಬಚ್ಚಲುಮನೆಯ ಗೋಡೆಯ ನೆರಳು.

"ಈ ದೀಪ ಯಾವಾಗ ಹಾಕಿಸಿದ್ದು?"

"ಸಸಿ ನೆಟ್ಟ ತಿಂಗಳಲ್ಲೇ," ಎಂದ ಮೈದುನ. "ಅಮ್ಮ ಬಚ್ಚಲಿಗೆ ಹೋಗೋ ದಾರೀಲಿ ಜಾರಿಬಿದ್ರಲ್ಲ, ಅದಕ್ಕೆ. ಬೆಳಗಿನ ತನಕ ಉರಿಯುತ್ತೆ."

"ಹಾಗಾದ್ರೆ ಈ ಗಿಡಕ್ಕೆ ರಾತ್ರಿನೇ ಆಗ್ತಿಲ್ಲ ಕಣಪ್ಪ!"

ಮೈದುನ ನಕ್ಕ. "ಗಿಡಕ್ಕೇನು ಕಣ್ಣಿದ್ಯಾ, ಗಡಿಯಾರ ಇದ್ಯಾ?"

"ಕಣ್ಣಿಲ್ಲ. ಆದ್ರೆ ಎಲೆಗೆ ಬೆಳಕು ಗೊತ್ತಾಗುತ್ತೆ. ಕತ್ತಲು ಎಷ್ಟು ಹೊತ್ತಿತ್ತು ಅನ್ನೋದೂ ಗೊತ್ತಾಗುತ್ತೆ. ರಾತ್ರಿ ಉದ್ದವಾದಾಗಲೇ ಸೇವಂತಿಗೆ ಮೊಗ್ಗು ಕಟ್ಟೋದು. ಹೀಗೆ ಬೆಳಕು ಬಿದ್ರೆ, ಹಗಲೇ ಇನ್ನೂ ದೊಡ್ಡದು ಅಂತ ಎಲೆ ಬಿಡ್ತಾನೇ ಇರುತ್ತೆ. ಹೂ ತಡವಾಗಲಿ ಅಂತ ಬೇಕಂತಲೇ ದೀಪ ಹಾಕೋ ಬೆಳೆಗಾರರೂ ಇದ್ದಾರೆ. ನನಗೆ ಈಗ ಹೊಳೀತು ನೋಡು."

ಹೂವಕ್ಕನಿಗೆ ಇನ್ನಷ್ಟು ಗೊಂದಲ. "ಅದೇ ದೀಪದಡೀಲಿ ನಮ್ಮ ಟೊಮೇಟೊ ಹಣ್ಣು ಬಿಟ್ಟಿದೆಯಲ್ಲ ಚಿಕ್ಕಮ್ಮ?"

"ಎಲ್ಲ ಗಿಡವೂ ಒಂದೇ ಥರ ಅಲ್ಲ. ಟೊಮೇಟೊ ರಾತ್ರಿಗೆ ಅಷ್ಟಾಗಿ ಕಾಯಲ್ಲ. ಸೇವಂತಿಗೆ ಕಾಯುತ್ತೆ."

"ಹಾಗಾದ್ರೆ ದೀಪ ತೆಗೆಸಿಬಿಡ್ತೀನಿ."

ಒಳಗಿಂದ ಅತ್ತೆಯ ದನಿ ಬಂತು. "ತೆಗೆಸು, ತೆಗೆಸು! ನಿನ್ನ ಹೂವು ಹೆಚ್ಚೋ, ನನ್ನ ಸೊಂಟ ಹೆಚ್ಚೋ?"

ಹೂವಕ್ಕ ಚಿಕ್ಕಮ್ಮನ ಕಡೆ ತಿರುಗಿದಳು. ಚಿಕ್ಕಮ್ಮನೇ ಹೇಳಿದರು. "ದೀಪ ಬೇಡ ಅಂತಿಲ್ಲ ಅಕ್ಕ. ಬೆಳಕು ಬೇಕಿರೋದು ನಿಮ್ಮ ಕಾಲಿಗೆ, ಗಿಡದ ತಲೆಗಲ್ಲ."

ಮೈದುನನಿಗೆ ನಂಬಿಕೆ ಇರಲಿಲ್ಲ. ಆದರೂ ತಗಡು ಬಗ್ಗಿಸಿ ದೀಪಕ್ಕೆ ಮರೆ ಮಾಡಿದ. ದೀಪವನ್ನು ಮೊಣಕಾಲೆತ್ತರಕ್ಕೆ ಇಳಿಸಿದ. ಗಿಡಗಳ ನಡುವೆ ಕುಕ್ಕರಗಾಲಲ್ಲಿ ಕೂತು, ಬೆಳಕು ತಾಗುತ್ತಿಲ್ಲ ಎಂದು ಖಚಿತಪಡಿಸಿಕೊಂಡ. ಅತ್ತೆ ನಡೆದು ನೋಡಿದರು. "ಇದೇ ವಾಸಿ. ಆಗ ಕಣ್ಣಿಗೆ ಹೊಡೀತಿತ್ತು," ಎಂದರು.

ಹದಿನೈದು ದಿನ ಏನೂ ಕಾಣಲಿಲ್ಲ. ಹೂವಕ್ಕ ದಿನಕ್ಕೆ ನಾಲ್ಕು ಸಲ ಹೋಗಿ ಗಿಡದ ತುದಿ ಬಿಡಿಸಿ ನೋಡುತ್ತಿದ್ದಳು. ನಾಲ್ಕನೆಯ ವಾರ ಮೈದುನ ಹಿತ್ತಲಿಂದ ಕೂಗಿದ. "ಅತ್ತಿಗೆ, ಬನ್ನಿ ಇಲ್ಲಿ! ಕಾಳಿನಷ್ಟು ಏನೋ ಇದೆ!"

ಮೊಗ್ಗೇ ಆಗಿತ್ತು. ಆದರೆ ಆ ಆರು ಸಾಲಿನ ಹೂವು ಎರಡು ತಿಂಗಳು ತಡವಾಗಿ ಅರಳಿತು. ಕಾಯುತ್ತಿದ್ದ ಗಿರಾಕಿಗಳಲ್ಲಿ ಅರ್ಧ ಜನ ಅಷ್ಟರಲ್ಲಿ ಬೇರೆ ಕಡೆ ಹೋಗಿದ್ದರು. ಹೂವಕ್ಕ ಅದರ ಮೊದಲ ಬುಟ್ಟಿ ಹೊತ್ತು ನೇರವಾಗಿ ಮಾರುಕಟ್ಟೆಯಲ್ಲಿದ್ದ ಚಿಕ್ಕಮ್ಮನ ಅಂಗಡಿಗೆ ಹೋದಳು.

"ತಪ್ಪು ನನ್ನದು ಚಿಕ್ಕಮ್ಮ. ನಿಮ್ಮ ಸಸಿ ಚೆನ್ನಾಗಿತ್ತು."

"ಸ್ವಲ್ಪ ಗಟ್ಟಿಯಾಗಿ ಹೇಳೇ," ಎಂದರು ಚಿಕ್ಕಮ್ಮ. "ಮೂಲೆಯ ಹಣ್ಣಿನವನಿಗೆ ಕೇಳಿಸಲಿಲ್ಲ."

ಅಕ್ಕಂದಿರೇ, ಅಣ್ಣಂದಿರೇ, ಗಿಡ ಚೆನ್ನಾಗಿದ್ದೂ ಹೂ ಬಿಡದಿದ್ದರೆ ಯಾರನ್ನೂ ದೂರುವ ಮೊದಲು ಸಂಜೆ ಒಮ್ಮೆ ಅದರ ಪಕ್ಕ ನಿಂತು ನೋಡಿ. ನಿಮ್ಮ ಮನೆಯ ದೀಪ ಎಲ್ಲೆಲ್ಲಿ ಬೀಳುತ್ತಿದೆ? ಪಕ್ಕದವರ ತೋಟದ ಮೇಲೂ ಬೀಳುತ್ತಿದೆಯೇ? ಬೇಡದ ದೀಪ ಆರಿಸಿ. ಬೇಕಾದ ದೀಪಕ್ಕೆ ಮರೆ ಕಟ್ಟಿ, ಬೆಳಕು ನೆಲಕ್ಕಷ್ಟೇ ಬೀಳಲಿ. ಗಿಡಗಳಿಗೆ ನೀರು, ಗೊಬ್ಬರ ಕೊಡುವ ಹಾಗೆಯೇ ಕತ್ತಲನ್ನೂ ಕೊಡಿ.