ಆರು ಕಂತೆಯ ಅಮ್ಮ, ಐದು ಕಂತೆಯ ಹೆಣ್ಣುಮಕ್ಕಳು

ಮೀನಿನ ಮೊಟ್ಟೆ ಕಲಕುವುದರಲ್ಲಿ ನನ್ನನ್ನು ಮೀರಿಸುವವನು ಈ ಭೂಮಿಯ ಮೇಲೆ ಹುಟ್ಟಿಲ್ಲ. ಹುಟ್ಟಿದ್ದರೂ ನನ್ನ ವಿಷಯ ಕೇಳಿ ಬೇರೆ ಕಸುಬು ಹಿಡಿದಿರುತ್ತಾನೆ.

ನಾನಿದ್ದದ್ದು ಸ್ಟರ್ಜನ್ ಮೀನು ಸಾಕುವ ಕೇಂದ್ರದಲ್ಲಿ. ಮೊಸಳೆಯ ಚಿಕ್ಕಪ್ಪನಂಥ ಮುಖ, ಬೆನ್ನುದ್ದಕ್ಕೂ ಮೂಳೆಯ ಗುಬುಟು, ಹಲ್ಲಿಲ್ಲದ ಬೊಚ್ಚುಬಾಯಿ, ಇದು ಆ ಮೀನಿನ ಅಂದ. ಆದರೆ ಅದರ ಕಪ್ಪು ಮೊಟ್ಟೆಗೆ ಉಪ್ಪು ಬೆರೆಸಿ, ಪುಟ್ಟ ಡಬ್ಬಿಗೆ ತುಂಬಿ, ಕ್ಯಾವಿಯರ್ ಎಂದು ಚೀಟಿ ಅಂಟಿಸಿದರೆ ಸಾಕು, ದೊಡ್ಡ ಮನುಷ್ಯರು ಕಣ್ಣು ಮುಚ್ಚಿಕೊಂಡು ಅರ್ಧ ಚಮಚ ತಿನ್ನುತ್ತಾರೆ.

ಮರಿ ಮಾಡಿಸಬೇಕಾದರೆ ಹೆಣ್ಣಿನ ಮೊಟ್ಟೆಯನ್ನು ಬೋಗುಣಿಗೆ ತೆಗೆದು ಗಂಡಿನ ವೀರ್ಯ ಬೆರೆಸಬೇಕು. ಬೆರೆಸಿದ ಕೆಲವೇ ನಿಮಿಷಕ್ಕೆ ಮೊಟ್ಟೆಗಳು ಅಂಟಂಟಾಗಿ, ಒಂದಕ್ಕೊಂದು ಕಚ್ಚಿಕೊಂಡು, ಮುದ್ದೆಯಾಗಿ ಕೊಳೆಯುತ್ತವೆ. ಅದನ್ನು ತಪ್ಪಿಸಲು ಕೆಂಪು ಜೇಡಿಮಣ್ಣಿನ ನೀರು ಹಾಕಿ ಕಲಕುತ್ತಾರೆ. ‘ಬಾತುಕೋಳಿಯ ಗರಿಯಿಂದ, ಮೆಲ್ಲಗೆ, ಮುಕ್ಕಾಲು ಗಂಟೆ’ ಎಂದು ಗೋಡೆಯ ಮೇಲೆ ಯಾರೋ ಹಿಂದಿನವರು ಬರೆದಿದ್ದರು. ಗರಿ ಹಿಡಿದು ಕೂರುವುದು ಕಿವಿ ಕೆರೆದುಕೊಳ್ಳುವವರ ಕೆಲಸ. ನಾನು ಎರಡು ತೋಳನ್ನೂ ಮೊಣಕೈವರೆಗೆ ಇಳಿಸಿ ತಿರುಗಿಸಿದೆನೆಂದರೆ ನೀರು ಸುಳಿಯಾಗಿ, ಸುಳಿ ಗಾಳಿಯೆಬ್ಬಿಸಿ, ಎದುರಿನ ಕಿಟಕಿಯ ಪರದೆ ಹಾರುತ್ತಿತ್ತು. ಹದಿನೈದೇ ನಿಮಿಷ. ಅಂಟಿಕೊಂಡ ಒಂದು ಜೋಡಿ ಮೊಟ್ಟೆ ತೋರಿಸಿದರೆ ಮೀಸೆ ಬೋಳಿಸಿಕೊಳ್ಳುತ್ತೇನೆಂದು ಸವಾಲು ಹಾಕಿದ್ದೆ. ಇಪ್ಪತ್ತೊಂದು ವರ್ಷ ಮೀಸೆಯ ಕೂದಲು ಕೊಂಕಲಿಲ್ಲ. ಯಜಮಾನರು ಗೋಡೆಯ ಬರಹಕ್ಕೆ ಬಣ್ಣ ಬಳಿಸಿ ಅದೇ ಜಾಗದಲ್ಲಿ ನನ್ನ ಫೋಟೋ ತೂಗುಹಾಕಿಸಿದರು. ಜನ ನನ್ನನ್ನು ಗಿರಿಗಿಟ್ಲೆ ಎಂದು ಕರೆಯತೊಡಗಿದರು.

ನನ್ನ ಮೊದಲ ವರ್ಷದ ಬೋಗುಣಿಯಲ್ಲಿ ಹುಟ್ಟಿದವಳು ದಪ್ಪಮ್ಮ. ಅವಳು ಬಾಲ ಬಡಿದರೆ ಪಕ್ಕದ ತೊಟ್ಟಿಯ ಮೀನುಗಳು ಸ್ನಾನ ಮಾಡಿದಂತಾಗುತ್ತಿತ್ತು. ಹನ್ನೊಂದನೆಯ ವಯಸ್ಸಿಗೆ ಬಕೆಟ್ಟುಗಟ್ಟಲೆ ಮೊಟ್ಟೆ ಕೊಟ್ಟಳು. ಯಜಮಾನರು ಹಿಗ್ಗಿ ಏಳನೆಯ ತೊಟ್ಟಿಯ ತುಂಬ ಅವಳ ಮುನ್ನೂರು ಹೆಣ್ಣುಮಕ್ಕಳನ್ನೇ ಬೆಳೆಸಿದರು. ಆ ಹೆಣ್ಣುಮಕ್ಕಳಿಗೆ ಈಗ ಹತ್ತು ತುಂಬಿತ್ತು. ಮೊಟ್ಟೆ ಮಾತ್ರ ಇಲ್ಲ.

ಕೇಂದ್ರಕ್ಕೆ ಬಂದವರೆಲ್ಲ ತೊಟ್ಟಿಯೊಳಗೆ ಬಗ್ಗಿ, ಹೊಸ ಸೊಸೆಯನ್ನು ಕೇಳುವ ಹಾಗೆ, “ಏನಾದ್ರೂ ವಿಶೇಷ?” ಎಂದು ವಿಚಾರಿಸುವರು. ಸ್ಕ್ಯಾನಿಂಗ್ ಮಾಡಿದರೆ ಹೊಟ್ಟೆಯಲ್ಲಿ ಬರೀ ಕೊಬ್ಬು. ಯಜಮಾನರು ಮೊದಲು ಪಂಪಿನ ಸದ್ದನ್ನು ಶಂಕಿಸಿದರು, ಆಮೇಲೆ ತೊಟ್ಟಿಯ ಹಸಿರು ಬಣ್ಣವನ್ನು, ಆಮೇಲೆ ಕಾವಲುಗಾರನ ಸಿಳ್ಳೆಯನ್ನು. ಸದ್ದು, ಬಣ್ಣ, ಸಿಳ್ಳೆ ಮೂರನ್ನೂ ಕೆಲಸದಿಂದ ತೆಗೆಯಲು ಬರುವುದಿಲ್ಲವಾದ್ದರಿಂದ ಕೊನೆಗೆ ಕಣ್ಣು ನನ್ನ ಭಾವನ ಮೇಲೆ ಬಿತ್ತು. ಭಾವ, ಅಂದರೆ ನನ್ನ ಅಕ್ಕನ ಗಂಡ, ಹತ್ತೊಂಬತ್ತು ವರ್ಷದಿಂದ ಮೀನಿನ ಮೇವು ಕಲಸುತ್ತಿದ್ದವರು.

“ನಿನ್ನ ಮೇವಲ್ಲೇ ಏನೋ ಐಬಿದೆ,” ಎಂದರು ಯಜಮಾನರು.

“ಯಜಮಾನ್ರೇ, ಪ್ರತಿ ಮೂಟೆ ನಾನು ಮೊದ್ಲು ಬಾಯಿಗೆ ಹಾಕ್ಕೊಂಡು ನೋಡಿ ಆಮೇಲೇ ಮೀನಿಗೆ ಹಾಕೋದು. ನನಗೆ ಏಳು ಮಕ್ಕಳು.”

“ನಾನು ಮೀನಿನ ವಿಷ್ಯ ಮಾತಾಡ್ತಿದೀನಿ.”

“ನಾನೂ ಅದನ್ನೇ ಹೇಳ್ತಿರೋದು. ಮೇವಲ್ಲಿ ದೋಷ ಇದ್ದಿದ್ರೆ ನಮ್ಮನೇಲಿ ಅಷ್ಟು ಗಲಾಟೆ ಇರ್ತಿರ್ಲಿಲ್ಲ.”

ಈ ವಾದ ನನಗೇನೋ ಗಟ್ಟಿಯಾಗಿಯೇ ಕಂಡಿತು. ಯಜಮಾನರು ಮಾತ್ರ ವಜಾ ಪತ್ರ ಟೈಪ್ ಮಾಡಿಸಿದರು. ಶನಿವಾರ ಮೀನಿನ ಡಾಕ್ಟರಮ್ಮ ಬಂದು ನೋಡಿಹೋದ ಮೇಲೆ ಸಹಿ. ಸಹಿಯಾದ ವಾರದೊಳಗೆ ಕೇಂದ್ರದವರು ಕೊಟ್ಟ ಮನೆ ಖಾಲಿ ಮಾಡಬೇಕು. ಡಬ್ಬಿ ತುಂಬುವ ಕೋಣೆಯಲ್ಲಿ ಕೆಲಸ ಮಾಡುವ ಅಕ್ಕ ಆಗಲೇ ಪಾತ್ರೆಗಳನ್ನು ಹಳೇ ಸೀರೆಯಲ್ಲಿ ಸುತ್ತಿಡುತ್ತಿದ್ದಳು.

“ಅವರಿಗೆ ಐವತ್ತೇಳು ಕಣೋ,” ಎಂದಳು. “ಮೀನಿನ ಮೇವು ಬಿಟ್ರೆ ಬೇರೆ ಏನೂ ಕಲಸೋಕೆ ಬರಲ್ಲ. ಈ ವಯಸ್ಸಲ್ಲಿ ಯಾರು ಕರೀತಾರೆ?”

ಶನಿವಾರ ಡಾಕ್ಟರಮ್ಮ ಬಂದರು. ದಪ್ಪಮ್ಮನಿಂದ ಒಂದು ಹನಿ, ಮಕ್ಕಳಿಂದ ಒಂದೊಂದು ಹನಿ ರಕ್ತ ತೆಗೆದು ಯಂತ್ರಕ್ಕೆ ಕೊಟ್ಟು, ಸಂಜೆ ನಮ್ಮನ್ನೆಲ್ಲ ಯಜಮಾನರ ಕೋಣೆಗೆ ಕರೆಸಿದರು.

“ಜೀವಕೋಶದಲ್ಲಿ ವರ್ಣತಂತುಗಳು ಕಂತೆಕಂತೆಯಾಗಿ ಇರುತ್ವೆ,” ಎಂದರು. “ನಮಗೆಲ್ಲ ಎರಡು ಕಂತೆ. ಈ ಮೀನಿಗೆ ನಾಲ್ಕು ಅಂತ ಇಟ್ಕೊಳ್ಳಿ, ಅಮ್ಮನಿಂದ ಎರಡು, ಅಪ್ಪನಿಂದ ಎರಡು. ನಿಮ್ಮ ದಪ್ಪಮ್ಮನಲ್ಲಿ ಆರಿದೆ.”

ಯಜಮಾನರ ಮುಖ ಅರಳಿತು. “ಆರಾ? ಬೇರೆ ಕೇಂದ್ರದವರ ಹತ್ರ ಇದೆಯಾ?”

“ಇರಬಾರದು. ಆರಕ್ಕೆ ಅರ್ಧ ಮೂರು, ಹಾಗಾಗಿ ಅವಳಿಗೆ ತೊಂದ್ರೆಯಿಲ್ಲ, ಮೊಟ್ಟೆ ಇಡ್ತಾಳೆ. ಅವಳ ಮೂರು, ಗಂಡಿನ ಎರಡು, ಮಕ್ಕಳಿಗೆ ಐದು. ಐದನ್ನ ಸಮಪಾಲು ಹೇಗೆ ಮಾಡ್ತೀರಿ? ಪಾಲಾಗದೆ ಮೊಟ್ಟೆ ಬಲಿಯೋದೇ ಇಲ್ಲ.”

“ಅಂದ್ರೆ ಮೇವಿನಿಂದ ಐದಾಯ್ತು.”

“ಮೇವಿನಿಂದ ಮೀನು ದಪ್ಪ ಆಗುತ್ತೆ, ಅಷ್ಟೇ. ಕಂತೆ ಹೆಚ್ಚಾಗಲ್ಲ. ಇದು ದಪ್ಪಮ್ಮ ಮೊಟ್ಟೆಯಾಗಿದ್ದಾಗ ಆಗಿರೋದು. ವೀರ್ಯ ಸೇರಿದ ಮೇಲೆ, ಮೊದಲ ಅರ್ಧ ಗಂಟೇಲಿ ಮೊಟ್ಟೆ ತನಗೆ ಬೇಡದ ಕಂತೆಗಳನ್ನ ಹೊರಗೆ ಹಾಕುತ್ತೆ. ಆಗ ಜೋರಾಗಿ ಕುಲುಕಿದ್ರೆ ಒಳಗೇ ಉಳ್ಕೊಂಡುಬಿಡುತ್ತೆ. ಮೊಟ್ಟೆ ಹಳಸಿದ್ರೂ ಆಗಬಹುದು, ತಾನಾಗೇ ಆಗಿರಲೂಬಹುದು. ಅಷ್ಟು ಹಿಂದಿನ ಮಾತು, ಖಚಿತವಾಗಿ ಹೇಗೆ ಹೇಳಲಿ?”

ನಾನು ನನ್ನ ತೋಳುಗಳನ್ನು ನೋಡಿಕೊಂಡೆ. ಖಚಿತವಾಗಿ ಹೇಳಬಲ್ಲವನು ಆ ಕೋಣೆಯಲ್ಲಿ ಒಬ್ಬನಿದ್ದ.

“ಖಚಿತ ಇಲ್ಲ ಅಂತ ನೀವೇ ಹೇಳ್ತಿದೀರಿ,” ಎಂದು ಯಜಮಾನರು ಪೆನ್ನು ತೆರೆದರು. “ಖಚಿತ ಇಲ್ಲದಾಗ ಪತ್ರದಲ್ಲಿ ಯಾರ ಹೆಸರಿದೆಯೋ ಅವನೇ. ಟೈಪ್ ಬೇರೆ ಆಗಿಹೋಗಿದೆ.”

ಭಾವ ನೆಲ ನೋಡುತ್ತ ನಿಂತಿದ್ದರು. ನಾನು ಎದ್ದೆ.

“ನಾನು ಮಾಡಿದ್ದು,” ಎಂದೆ. “ಹಿಟ್ಟು ಕಲಸೋರ ಕೈಲಿ ಇದೆಲ್ಲ ಆಗೋ ಕೆಲಸ ಅಲ್ಲ. ವರ್ಣತಂತು ಒಳಗೇ ಉಳಿಯೋ ಹಾಗೆ ಕಲಕೋ ತೋಳು ಇರೋದು ನನಗೊಬ್ಬನಿಗೇ.”

ಇಪ್ಪತ್ತೊಂದು ವರ್ಷ ಕೊಚ್ಚಿಕೊಂಡಿದ್ದರ ಫಲ ಆಗ ಕೈಗೆ ಬಂತು. ಒಬ್ಬರೂ ನಂಬಲಿಲ್ಲ. ಯಜಮಾನರು ನಕ್ಕರು. ಭಾವನಂತೂ ರೇಗಿದರು.

“ಸುಮ್ನೆ ಕೂತ್ಕೊಳಯ್ಯಾ. ಹೋದ್ ಸಲ ಭೂಕಂಪ ಆದಾಗ್ಲೂ ನೀನೇ ಬೋಗುಣಿ ತಿರುಗಿಸಿದ್ದು ಅಂದಿದ್ದೆ. ನನ್ನ ಕೆಲಸ ಹೋಗ್ತಿರೋವಾಗ್ಲೂ ನಿನ್ನ ಜಂಬನೇ ನಡೀಬೇಕಾ?”

“ಭಾವ, ಭೂಕಂಪದ್ದು ಸುಳ್ಳು ಅಂತ ಒಪ್ಕೊತೀನಿ. ಇದು ನಿಜ.”

ಡಾಕ್ಟರಮ್ಮ ಒಬ್ಬರೇ ನನ್ನ ತೋಳನ್ನು ಗಮನವಿಟ್ಟು ನೋಡಿದರು. “ಮೊಟ್ಟೆ ತೆಗೆಯೋ ಕಾಲ ಇದೇ ಅಲ್ವಾ? ಪರೀಕ್ಷೆ ಮಾಡೋಣ. ಒಂದೇ ಮೀನಿನ ಮೊಟ್ಟೆ, ಎರಡು ಬೋಗುಣಿ. ಒಂದನ್ನ ಗರಿಯಿಂದ ನಾನು ಕಲಕ್ತೀನಿ, ಒಂದನ್ನ ನೀವು. ಮರಿ ದೊಡ್ಡದಾದ ಮೇಲೆ ಎಣಿಸಿದ್ರಾಯ್ತು. ಅಲ್ಲಿವರೆಗೂ ಸಹಿ ಬೇಡ.”

ಸೋಮವಾರ ಬೆಳಗ್ಗೆ ಬೋಗುಣಿ ಸಿದ್ಧವಾಯಿತು. ಡಾಕ್ಟರಮ್ಮ ಕೈತೊಳೆಯಲು ಹೋದಾಗ ಯಜಮಾನರು ನನ್ನ ಕಿವಿಯ ಬಳಿ ಬಂದರು.

“ಮೆಲ್ಲಗೆ ತಿರುಗಿಸು. ಎರಡು ಬೋಗುಣೀಲೂ ಒಂದೇ ಥರ ಬಂದ್ರೆ ನಿನಗೂ ಒಳ್ಳೇದು. ಗೋಡೆಗೆ ಬಣ್ಣ ಬಳಿಸಿದ್ದು ನಾನು, ಮಾತು ನನ್ನ ತಲೆಗೂ ಬರುತ್ತೆ ಅನ್ನೋದು ನೆನಪಿರಲಿ.”

ಮೊಟ್ಟೆಗೆ ವೀರ್ಯ ಬಿತ್ತು, ಜೇಡಿನೀರು ಬಿತ್ತು. ನಾನು ಕೈ ಇಳಿಸಿದೆ. ಸುಳ್ಳು ಹೇಳುವುದಿಲ್ಲ, ಮೊದಲ ಎರಡು ನಿಮಿಷ ಮಗುವಿನ ತಲೆ ಸವರುವ ಹಾಗೆ ಸವರಿದೆ. ಹೀಗೇ ಇನ್ನೊಂದಿಷ್ಟು ಹೊತ್ತು ಸವರಿದರೆ ನನ್ನ ಫೋಟೋ ಗೋಡೆಯ ಮೇಲಿರುತ್ತದೆ, ಭಾವನ ಪಾತ್ರೆಪಗಡ ಬೀದಿಯಲ್ಲಿರುತ್ತದೆ. ಬಾಗಿಲ ಬಳಿ ಅಕ್ಕ, ತಲೆಗೆ ಕಟ್ಟಿದ ಕೆಲಸದ ಟೋಪಿ ಕೂಡ ತೆಗೆಯದೆ, ನನ್ನನ್ನೇ ನೋಡುತ್ತಿದ್ದಳು.

“ಏನೋ ಅದು?” ಎಂದಳು ಮೆಲ್ಲಗೆ. “ಮೈ ಹುಷಾರಿಲ್ವಾ?”

ಆಮೇಲೆ ನಾನು ತಿರುಗಿಸಿದ್ದನ್ನು ಕಂಡವರು ಇವತ್ತಿಗೂ ತಿರುಗುವ ಫ್ಯಾನಿನ ಕೆಳಗೆ ಕೂರುವುದಿಲ್ಲ. ಜೇಡಿನೀರು ಚಾವಣಿಗೆ ಚಿಮ್ಮಿತು. ಯಜಮಾನರ ಕನ್ನಡಕ ಕೆಂಪಾಯಿತು. ಡಾಕ್ಟರಮ್ಮ ಗರಿ ಆಡಿಸುವುದನ್ನು ಮರೆತು ಒಂದು ಕ್ಷಣ ಹಾಗೇ ನಿಂತರು.

ಮರಿಗಳು ಹೊರಬಂದು, ಬೆರಳುದ್ದ ಬೆಳೆದು, ರಕ್ತ ಕೊಡುವಷ್ಟು ಆಗಲು ಎರಡು ತಿಂಗಳು ಬೇಕಾಯಿತು. ಆ ಎರಡು ತಿಂಗಳು ಭಾವ ನನ್ನೊಡನೆ ಮಾತು ಬಿಟ್ಟಿದ್ದರು. ಫಲಿತಾಂಶ ಬಂದ ದಿನ ಡಾಕ್ಟರಮ್ಮ ಹಾಳೆಯನ್ನು ಮೂರು ಸಲ ಓದಿಕೊಂಡರು. ಗರಿಯ ಕಡೆ ನೂರು ಮರಿಗೆ ಒಂದಕ್ಕೆ ಆರು ಕಂತೆ. ನನ್ನ ಕಡೆ ನೂರಕ್ಕೆ ನಲವತ್ತಮೂರು.

“ಇಷ್ಟು ಕೆಡಿಸಿದೋರನ್ನ ನಾನು ಎಲ್ಲೂ ನೋಡಿಲ್ಲ,” ಎಂದರು.

“ಎಲ್ಲೂ ಅಂದ್ರೆ, ಬೇರೆ ದೇಶಗಳಲ್ಲೂ?”

“ಬೇರೆ ದೇಶಗಳಲ್ಲೂ.”

ನಾನು ಭಾವನ ಕಡೆ ನೋಡಿದೆ. ಅವರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದರು. ನಗುತ್ತಿದ್ದರೋ ಅಳುತ್ತಿದ್ದರೋ ಹೇಳಲಾರೆ. ಭುಜ ಮಾತ್ರ ಕುಲುಕುತ್ತಿತ್ತು.

ಯಜಮಾನರು ಭಾವನ ಪತ್ರ ಹರಿದುಹಾಕಿ ನನಗೊಂದು ಟೈಪ್ ಮಾಡಿಸಿದರು. ಅವತ್ತೇ ಸಂಜೆ ಪೆಟ್ಟಿಗೆ ಹೊತ್ತು ನನ್ನ ಕೋಣೆಯಿಂದ ಅಕ್ಕನ ಮನೆಗೆ ಬಂದೆ. ಪಾತ್ರೆಗಳೆಲ್ಲ ಮತ್ತೆ ಗೂಡಿಗೆ ಏರಿದ್ದವು. ಏಳು ಮಕ್ಕಳ ನಡುವೆ ನನ್ನ ಚಾಪೆಗೆ ಜಾಗ ಮಾಡಿದರು. ಅಕ್ಕ ಪತ್ರ ಬಿಡಿಸಿ ಜೋರಾಗಿ ಓದತೊಡಗಿದಳು. ಕೇಂದ್ರದ ಸಂತತಿಗೆ ನಾನು ಮಾಡಿದ ಹಾನಿಯನ್ನೆಲ್ಲ ವರ್ಷವಾರು ಬರೆದಿತ್ತು. ನಾಲ್ಕನೆಯ ವರ್ಷಕ್ಕೆ ಬರುವಷ್ಟರಲ್ಲಿ ಹಾಳೆ ಮಡಿಸಹೋದಳು.

“ಸಾಕು ಬಿಡೇ,” ಎಂದರು ಭಾವ, ನನ್ನ ಪಕ್ಕಕ್ಕೆ ಸರಿದು ಕೂತು.

“ಯಾಕೆ ಸಾಕು? ಓದ್ಲಿ ಭಾವ,” ಎಂದೆ. “ನಿಮಗೆ ಬರೆದಿದ್ದದ್ದು ಅರ್ಧ ಪುಟ. ನನ್ನದು ಎರಡೂವರೆ.”