ಮನೆಗಾಡಿ ಮೇಳಕ್ಕೆ ಹೋಗಿಬಂದ ಲೈಲ್

ಚಳಿ ಶುರುವಾದರೆ ನಮ್ಮಂಥ ವಯಸ್ಸಾದವರಿಗೆ ಅಮೆರಿಕದ ಉತ್ತರ ತುದಿಯ ಮಿನೆಸೋಟದಲ್ಲಿ ಇರಲಾಗುವುದಿಲ್ಲ. ಮೊಣಕಾಲು ಹಿಡಿದುಕೊಳ್ಳುತ್ತದೆ, ಅಂಗಳದ ಹಿಮ ಎತ್ತಿ ಹಾಕಲು ಸೊಂಟ ಒಪ್ಪುವುದಿಲ್ಲ. ಅದಕ್ಕೇ ಮನೆಗಾಡಿ ಎಳೆದುಕೊಂಡು ದಕ್ಷಿಣದ ಅರಿಜೋನಾದ ಬೆಚ್ಚನೆಯ ಮರುಭೂಮಿಗೆ ಬಂದು ಬೀಡುಬಿಡುತ್ತೇವೆ. ಹಾಸಿಗೆ, ಒಲೆ, ಕಕ್ಕಸು ಎಲ್ಲ ಗಾಡಿಯೊಳಗೇ. ಸಂಜೆಯಾದರೆ ಮಡಚುವ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಹರಟೆ. ಕೊರೊನಾದ ಆ ವರ್ಷವೂ ಬಂದೆವು, ಕುರ್ಚಿಗಳನ್ನು ಮಾತ್ರ ದೂರ ದೂರ ಹಾಕಿಕೊಂಡೆವು.

ನಾನು ಮಾರ್ಲಿಸ್. ನರ್ಸಾಗಿ ದುಡಿದು ನಿವೃತ್ತಳಾದವಳು, ಬಾಯಿ ಸ್ವಲ್ಪ ಜೋರು. ಪಕ್ಕದ ಗಾಡಿಯಲ್ಲಿ ಲೈಲ್ ಮತ್ತು ಅವನ ಹೆಂಡತಿ ವರ್ನಾ. ವರ್ನಾಳ ಶ್ವಾಸಕೋಶ ಮೊದಲೇ ಹಾಳಾಗಿತ್ತು. ಗಾಡಿಯ ಮೆಟ್ಟಿಲು ಹತ್ತಿದರೆ ಸಾಕು, ಏದುಸಿರು. ಲಸಿಕೆಗೆ ಅವಳ ಸರದಿ ಇನ್ನೂ ಬಂದಿರಲಿಲ್ಲ. ಅದು ಬರುವವರೆಗೆ ಅವಳನ್ನು ಜೋಪಾನ ಮಾಡಿದರೆ ಗೆದ್ದಂತೆ ಎಂದು ನಾನು ದಿನಾ ಹೇಳುತ್ತಿದ್ದೆ.

ಜನವರಿಯಲ್ಲಿ ಹತ್ತಿರದ ಪಟ್ಟಣದ ಬಯಲಿನಲ್ಲಿ ಹೊಸ ಮನೆಗಾಡಿಗಳನ್ನು ಮಾರುವ ದೊಡ್ಡ ಮೇಳ. ಆ ವರ್ಷವೂ ನಿಲ್ಲಿಸಲಿಲ್ಲ. ಒಂದು ಬೆಳಿಗ್ಗೆ ಲೈಲ್ ಟೋಪಿ ಹಾಕಿಕೊಂಡು ಹೊರಟ.

"ಎಲ್ಲಿಗೋ ಸವಾರಿ?" ಎಂದೆ.

"ಮೇಳಕ್ಕೆ. ಮೆಟ್ಟಿಲು ತಗ್ಗಾಗಿರೋ ಗಾಡಿ ಬಂದಿದ್ಯಂತೆ. ವರ್ನಾಗೆ ಹತ್ತೋಕೆ ಸುಲಭ ಆಗತ್ತೆ."

"ಈಗ? ಆ ಜನಜಂಗುಳಿಗೆ? ತಲೆ ನೆಟ್ಟಗಿದ್ಯಾ ನಿಂಗೆ?"

"ಬಯಲಲ್ಲಿ ಕಣೇ ನಡೆಯೋದು! ಗಾಳಿ ಬೀಸತ್ತೆ, ಬಿಸಿಲಿರತ್ತೆ. ಅಂಗಡಿಗಿಂತ ವಾಸಿ."

"ಮೇಳ ಬಯಲಲ್ಲಿ, ಸರಿ. ನೀನು ಬಯಲು ನೋಡೋಕೆ ಹೋಗ್ತಿದ್ಯಾ? ಒಂದೊಂದು ಗಾಡಿಯೊಳಗೂ ನುಗ್ತೀಯ. ಬಾಗಿಲು ಹಾಕಿ ಬಚ್ಚಲಲ್ಲಿ ನಿಂತು ನೋಡ್ತೀಯ, ಹಾಸಿಗೆ ಮೇಲೆ ಉರುಳಿ ನೋಡ್ತೀಯ. ನಿನಗಿಂತ ಮುಂಚೆ ಹೋದೋರೆಲ್ಲ ಅಲ್ಲೇ ಉಸಿರು ಬಿಟ್ಟಿರ್ತಾರೆ. ಆ ಡಬ್ಬಿಯೊಳಗಿನ ಗಾಳಿ ಎಲ್ಲಿಗೆ ಹೋಗತ್ತೆ ಹೇಳು?"

"ನರ್ಸಮ್ಮಾ, ನಿಂಗೆ ಎಲ್ಲ ಕಡೆ ರೋಗಾನೇ ಕಾಣೋದು. ನಾವು ಹೋಟೆಲಿಗೆ ಹೋಗಲ್ಲ, ವಿಮಾನ ಹತ್ತಲ್ಲ. ನಮ್ಮನೆ ನಮ್ಮ ಜೊತೇಲೇ ಇದೆ. ನಮಗಿಂತ ಜೋಪಾನವಾಗಿ ಯಾರಿದ್ದಾರೆ?"

ಮನೆಗಾಡಿಯವರೆಲ್ಲರಿಗೂ ಈ ಭ್ರಮೆ ಇತ್ತು. ಮನೆಯನ್ನು ಜೊತೆಗೆ ಎಳೆದುಕೊಂಡು ಹೋದರೆ ಮನೆಯಲ್ಲೇ ಇದ್ದಂತೆ ಎಂದುಕೊಂಡಿದ್ದರು.

ವರ್ನಾ ಕಿಟಕಿಯಿಂದ ಇಣುಕಿದಳು. "ನಂಗೆ ಹೊಸ ಗಾಡಿ ಬೇಡ್ವೋ. ಇದನ್ನೇ ಹೆಂಗೋ ಹತ್ತಿಳಿತೀನಿ. ಹಟಕ್ಕೆ ಬಿದ್ರೆ ನೀನು ಕತ್ತೆ."

"ಕತ್ತೇನ ಕಟ್ಕೊಂಡೋಳು ನೀನೇ ತಾನೇ?" ಎಂದು ನಗುತ್ತಾ ಹೋದ.

ಸಂಜೆ ಹಿಗ್ಗಿಕೊಂಡು ಬಂದ. ಬೇಕಾದಂಥ ಗಾಡಿ ಸಿಕ್ಕಿತ್ತಂತೆ, ಕಿಟಕಿಯೂ ದೊಡ್ಡದಂತೆ, ಮುಂದಿನ ತಿಂಗಳು ತಂದುಕೊಡುತ್ತಾರಂತೆ.

"ಮಾಸ್ಕ್ ಹಾಕಿದ್ಯಾ?" ಎಂದು ಕೇಳಿದೆ.

"ಹೊರಗೆಲ್ಲ ಹಾಕಿದ್ದೆ. ಒಳಗೆ ಹೋದ್ರೆ ಕನ್ನಡಕ ಮಂಜಾಗಿ ಏನೂ ಕಾಣಲ್ಲ. ಅಲ್ಲಿ ಮಾತ್ರ ತೆಗೀತಿದ್ದೆ."

ಬೇಕೇಬೇಕಾದ ಜಾಗದಲ್ಲೇ ತೆಗೆದಿದ್ದ.

"ಇವತ್ತಿಂದ ಬೇರೆ ಮಲಗು ಲೈಲ್."

"ಬೇರೆ ಎಲ್ಲಿ? ಇರೋದೇ ಒಂದು ಹಾಸಿಗೆ. ಹೊರಗೆ ಮಲಗಿದ್ರೆ ಚಳಿಗೆ ಮರಗಟ್ಟಿ ಹೋಗ್ತೀನಿ."

ಮನೆಗಾಡಿಯಲ್ಲಿ ಒಂದೇ ಕೋಣೆ. ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳಬೇಕು.

ಕೆಲವು ದಿನ ಕಳೆದು ಅವನಿಗೆ ನೆಗಡಿಯಂತೆ ಬಂತು, ಹೋಯಿತು. ವರ್ನಾಗೆ ಬಂದದ್ದು ಹೋಗಲಿಲ್ಲ. ತುಟಿ ನೀಲಿಯಾಯಿತು. ಆಂಬುಲೆನ್ಸ್ ಬಂತು. ಹತ್ತಿರದ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇರಲಿಲ್ಲ, ದೂರದ ನಗರಕ್ಕೆ ಒಯ್ದರು. ಲೈಲ್‌ನನ್ನು ಒಳಗೆ ಬಿಡಲಿಲ್ಲ. ಅಲ್ಲಿನ ನರ್ಸ್ ಫೋನನ್ನು ವರ್ನಾಳ ಮುಖದ ಹತ್ತಿರ ಹಿಡಿದಳು.

"ಊಟ ಮಾಡಿದ್ಯೇನೋ?" ಎಂದು ವರ್ನಾ ಕೇಳಿದಳಂತೆ. ಅವಳು ಆಡಿದ ಕೊನೆಯ ಮಾತು ಅದು. ಕೈ ಹಿಡಿದುಕೊಳ್ಳಲು ತನ್ನವರು ಒಬ್ಬರೂ ಇಲ್ಲದೆ ಹೋದಳು. ಅಂಥ ಒಳ್ಳೆಯ ಹೆಂಗಸು.

ಲೈಲ್ ಆಮೇಲೆ ನಮ್ಮ ಹರಟೆಗೆ ಬಂದದ್ದು ಒಂದೇ ಸಲ. ಆವತ್ತು ಡುವೇನ್ ಎಂಬ ನೆರೆಯವನು ಮುಂದಿನ ಊರಿನ ಮೇಳದ ಮಾತು ತೆಗೆದಿದ್ದ. "ಅದೂ ಬಯಲಲ್ಲೇ ಅಂತೆ, ಭಯ ಇಲ್ಲ" ಎಂದ.

ಲೈಲ್ ಎದ್ದು ನಿಂತ. "ನಾನೂ ಇದನ್ನೇ ಹೇಳಿದ್ದೆ ಡುವೇನ್. ಅವಳು ಈ ಬೀಡು ಬಿಟ್ಟು ಎಲ್ಲೂ ಹೋಗಿರ್ಲಿಲ್ಲ. ರೋಗ ಅವಳ ಹಾಸಿಗೆಗೆ ನಡ್ಕೊಂಡು ಬಂತೇನೋ? ನಾನು ತಂದೆ. ನಿನ್ನ ಕಾಲಿಗೆ ಬೀಳ್ತೀನಿ, ಹೋಗ್ಬೇಡ."

ಡುವೇನ್ ತಲೆ ತಗ್ಗಿಸಿ ಕೇಳಿಸಿಕೊಂಡ. ಮರುದಿನ ಬೆಳಿಗ್ಗೆ ನೋಡಿದರೆ ಅವನ ಗಾಡಿ ನಿಂತಿದ್ದ ಜಾಗ ಖಾಲಿ. ಹೆಂಡತಿಯನ್ನೂ ಕರೆದುಕೊಂಡು ಆ ಮೇಳಕ್ಕೇ ಹೋಗಿದ್ದ. ಹೇಳಿ ಹೇಳಿ ನನ್ನ ಬಾಯಿ ಬಿದ್ದುಹೋಗಿದೆ. ಯಾರಿಗೆ ಹೇಳುವುದು?

ಓದುತ್ತಿರುವ ನೀವಾದರೂ ಕೇಳಿ. ಸಾಂಕ್ರಾಮಿಕ ರೋಗ ಹಬ್ಬಿರುವಾಗ ಮೇಳ ಬಯಲಲ್ಲಿದೆ ಎಂದು ಧೈರ್ಯ ತಂದುಕೊಳ್ಳಬೇಡಿ, ನೀವು ಹೊಗುವ ಬಾಗಿಲೊಳಗೆ ಗಾಳಿ ಆಡುತ್ತದೆಯೇ ನೋಡಿ. ಒಳಗೆ ಹೋಗಲೇಬೇಕಾದರೆ ಮಾಸ್ಕ್ ತೆಗೆಯಬೇಡಿ. ಸರದಿ ಬಂದ ಕೂಡಲೇ ಲಸಿಕೆ ಹಾಕಿಸಿಕೊಳ್ಳಿ. ಮನೆಯಲ್ಲಿ ನಿತ್ರಾಣರಾದವರು ಇದ್ದರೆ ಹೋಗಲೇಬೇಡಿ. ಅವರಿಗೆ ಒಳ್ಳೆಯದಾಗಲಿ ಎಂದು ನೀವು ಹೋಗಿ ಬಂದರೂ, ಅವರಿಗೆ ರೋಗ ತಂದುಕೊಡುವವರು ನೀವೇ ಆಗುತ್ತೀರಿ.